ರೈಟಕ್ಕನಿಗೆ ಇನ್ನೊಬ್ಬರು ಬೇಕು

ನನ್ನ ಸೊಸೆ ಬಸ್ ಕಂಡಕ್ಟರು. ಮೊದಲೇ ಹೇಳಿಬಿಡ್ತೀನಿ, ನಾನು ಅವಳನ್ನ ಹೊಗಳೋಕೆ ಕೂತಿಲ್ಲ. ಹೊಗಳಿದರೆ ತಲೆ ಮೇಲೆ ಕೂತ್ಕೋತಾಳೆ, ಈಗಲೇ ಅರ್ಧ ಕೂತಾಗಿದೆ. ಆದರೆ ನಿನ್ನೆ ಇಸ್ತ್ರಿ ಅಂಗಡಿಯವನು ನನ್ನನ್ನ ಬೀದಿಯಲ್ಲಿ ತಡೆದು, "ಅಜ್ಜೀ, ನಿಮ್ಮನ್ನ ಬಸ್ಸು ಎತ್ತಾಕ್ಕೊಂಡು ಹೋಯ್ತಂತೆ?" ಅಂತ ಕೇಳಿದ. ಕಥೆ ಕೈಕಾಲು ಬೆಳೆಸಿಕೊಂಡು ಊರೆಲ್ಲಾ ಓಡಾಡ್ತಿದೆ. ನಾನು ಡ್ರೈವರ್ ಕುತ್ತಿಗೆ ಹಿಡಿದೆ ಅಂತಲೂ ಹೇಳ್ತಿದ್ದಾರಂತೆ. ಅಪ್ಪಟ ಸುಳ್ಳು. ಅವನ ಕುತ್ತಿಗೆ ನನ್ನ ಕೈಗೆ ಸಿಗೋ ಹಾಗೇ ಇರಲಿಲ್ಲ. ಅದಕ್ಕೇ ಇದ್ದದ್ದು ಇದ್ದ ಹಾಗೆ ನಾನೇ ಹೇಳಿಬಿಡೋಣ ಅಂತ.

ಅವಳು ಎಂಥವಳು ಅಂತ ಮೊದಲು ತಿಳ್ಕೊಳ್ಳಿ. ನಮ್ಮದು ಎರಡನೇ ಮಹಡಿಯಲ್ಲಿ ಉದ್ದಕ್ಕೆ ರೈಲುಡಬ್ಬಿಯಂಥ ಮನೆ. ಮುಂದೆ ಒಂದು ಕೋಣೆ, ಅದರ ಹಿಂದೆ ಒಂದು, ಆಮೇಲೆ ಅಡುಗೆಮನೆ, ಕೊನೆಗೆ ಬಚ್ಚಲು. ಈ ಮನೆಗೆ ಮದುವೆಯಾಗಿ ಬಂದಾಗಿನಿಂದ ಅವಳು ನೆಟ್ಟಗೆ ಕೂತು ಊಟ ಮಾಡಿದ್ದನ್ನ ನಾನು ಕಂಡಿಲ್ಲ. ತಟ್ಟೆ ಹಿಡ್ಕೊಂಡು ಅಡುಗೆಮನೆ ಬಾಗಿಲಿಗೆ ಬೆನ್ನು ಕೊಟ್ಟು, ಒಂದು ಕಾಲನ್ನ ಚೌಕಟ್ಟಿಗೆ ಒತ್ತಿ ನಿಂತ್ಕೋತಾಳೆ. ಮನೆ ಎಲ್ಲಿ ಬ್ರೇಕ್ ಹಾಕಿಬಿಡುತ್ತೋ ಅನ್ನೋ ಹಾಗೆ. "ಕೂತ್ಕೊಳ್ಳೇ" ಅಂದರೆ "ಅಭ್ಯಾಸ ಇಲ್ಲ ಅತ್ತೆ" ಅಂತಾಳೆ. ನೆಂಟರು ಬಂದರೆ ಬಾಗಿಲಲ್ಲೇ ನಿಂತು, "ಒಳಗೆ ಹೋಗಿ, ಒಳಗೆ ಹೋಗಿ, ಮುಂದೆ ಖಾಲಿ ಇದೆ" ಅಂತಾಳೆ. ಒಂದು ಸಲ ನನ್ನ ಅಣ್ಣ ಪಾಪ, ಅವಳ ಮಾತು ಕೇಳಿ ಹೋಗಿ ಹೋಗಿ ಬಚ್ಚಲು ಸೇರಿಬಿಟ್ಟ.

ಈ ನಿಲ್ಲೋ ಚಾಳಿಯೇ ಅವಳನ್ನ ಸ್ಕೌಟ್ ಲೀಡರ್ ಮಾಡಿದ್ದು.

ಮೊಮ್ಮಗನ ಶಾಲೆಯಲ್ಲಿ ಒಂದು ಸ್ಕೌಟ್ ದಳ ಇತ್ತು. ಇತ್ತು ಅಂದರೆ ಹೆಸರಿಗೆ ಇತ್ತು. ನಡೆಸ್ತಿದ್ದ ಮೇಷ್ಟ್ರು ರಿಟೈರ್ ಆಗಿ, ಡೇರೆ, ಹಗ್ಗ, ಬಾವುಟ ಎಲ್ಲವನ್ನೂ ಬೀರುವಿನಲ್ಲಿ ಜೇಡಗಳ ಸುಪರ್ದಿಗೆ ಬಿಟ್ಟು ಹೋಗಿದ್ದರು. ದಳ ಮತ್ತೆ ಶುರು ಮಾಡ್ಬೇಕು ಅಂತ ಅಪ್ಪ ಅಮ್ಮಂದಿರ ಸಭೆ ಕರೆದರು. ಸೊಸೆ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಹೋದಳು. ಹಾಲ್ ತುಂಬಾ ಕುರ್ಚಿ, ಎಲ್ಲರೂ ಆರಾಮಾಗಿ ಕೂತಿದ್ದರಂತೆ. ಇವಳೊಬ್ಬಳು ಕಂಬಕ್ಕೆ ಒರಗಿ ನಿಂತಿದ್ದಳು. ಸ್ಕೌಟ್ ಆಫೀಸಿನಿಂದ ಬಂದಿದ್ದ ದೊಡ್ಡ ಮೇಡಂ, ಊರಿನ ಎಲ್ಲಾ ದಳಗಳ ಮೇಲಿನವರು ಅವರು, ಭಾಷಣ ಮುಗಿಸಿ, "ಈ ಮಕ್ಕಳ ಜವಾಬ್ದಾರಿ ಹೊರೋ ಮನಸ್ಸಿರೋರು ದಯವಿಟ್ಟು ಎದ್ದು ನಿಲ್ಲಿ" ಅಂದರು. ಒಂದು ಕುರ್ಚಿಯೂ ಕಿರ್ ಅನ್ನಲಿಲ್ಲ. ದೊಡ್ಡ ಮೇಡಂ ಹಾಲಿನ ಸುತ್ತ ಕಣ್ಣಾಡಿಸಿದರು. ನಿಂತಿದ್ದವಳು ಇವಳೊಬ್ಬಳೇ. ಆಮೇಲೆ ಚಪ್ಪಾಳೆಯೋ ಚಪ್ಪಾಳೆ.

ಕೊರಳಿಗೆ ಸ್ಕಾರ್ಫ್ ಸುತ್ಕೊಂಡು, ಮುಖ ಸಪ್ಪಗೆ ಮಾಡ್ಕೊಂಡು ಮನೆಗೆ ಬಂದಳು. "ಅತ್ತೆ, ನಾನು ಸುಮ್ಮನೆ ನಿಂತಿದ್ದೆ ಅಷ್ಟೇ!"

"ಚುನಾವಣೆಗೆ ನಿಂತವರೂ ಇಷ್ಟು ಸಲೀಸಾಗಿ ಗೆದ್ದಿಲ್ಲ ಕಣೇ," ಅಂದೆ. "ಬಾಯಿಗೆ ಏನಾಗಿತ್ತು? ಆಗಲ್ಲ ಅನ್ನೋದಲ್ವಾ?"

"ಅನ್ನೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಮುಂದಿನ ಹಲ್ಲಿಲ್ಲದ ಒಂದು ಹುಡುಗಿ ಬಂದು ನನ್ನ ಬೆರಳು ಹಿಡ್ಕೊಂಡು, 'ನಾವು ಡೇರೆ ಒಳಗೆ ಮಲಗಬಹುದಾ?' ಅಂತ ಕೇಳ್ತು. ಏನಂತ ಹೇಳ್ಲಿ ಅತ್ತೆ?"

ಆ ಹುಡುಗೀನೇ ಬೊಚ್ಚಿ. ಅದರ ನಿಜವಾದ ಹೆಸರು ಅದರ ಅಮ್ಮನಿಗೂ ಮರೆತಿದೆ ಅಂತ ನನ್ನ ಅನುಮಾನ. ಡೇರೆ ಒಳಗೆ ಮಲಗೋದು ಅನ್ನೋ ಮಾತನ್ನ ಅದು ಅವತ್ತು ಹಿಡ್ಕೊಂಡಿದ್ದು, ಆಮೇಲೆ ಬಿಡಲೇ ಇಲ್ಲ.

ಮೊದಲ ಕವಾಯತು ನೋಡೋಕೆ ನಾನೂ ಹೋಗಿದ್ದೆ. ನೋಡೋಕೆ ಅಂದರೆ ಆಡಿಕೊಳ್ಳೋಕೆ. ಮೈದಾನದ ಬೆಂಚಿನ ಮೇಲೆ ಕೂತೆ. ಸೊಸೆ ಮಕ್ಕಳನ್ನ ಸಾಲಾಗಿ ನಿಲ್ಲಿಸಿ "ಲೆಫ್ಟ್, ರೈಟ್, ಲೆಫ್ಟ್, ರೈಟ್" ಅಂತ ಚೆನ್ನಾಗೇ ಶುರು ಮಾಡಿದಳು. ಆದರೆ ಅದು ವರ್ಷಗಟ್ಟಲೆ ಬಸ್ಸಿನ ಬಾಗಿಲಲ್ಲಿ ನಿಂತು "ರೈಟ್, ರೈಟ್" ಅಂದು ಪಳಗಿದ ನಾಲಿಗೆ. ಅರ್ಧ ಮೈದಾನ ದಾಟೋದರೊಳಗೆ ಲೆಫ್ಟು ಎಲ್ಲೋ ಬಿದ್ದುಹೋಯ್ತು. "ರೈಟ್! ರೈಟ್! ರೈಟ್! ರೈಟ್!" ಲೀಡರ್ ಹೇಳಿದ ಮಾತು ಮೀರಲ್ಲ ಅಂತ ಆ ಮಕ್ಕಳು ಅವತ್ತೇ ಪ್ರತಿಜ್ಞೆ ಮಾಡಿದ್ದವು. ಇಪ್ಪತ್ತು ಚಿಲ್ಲರೆ ಮಕ್ಕಳು ಎಡಗಾಲು ಮಡಚಿ, ಬಲಗಾಲಲ್ಲೇ ಕುಪ್ಪಳಿಸುತ್ತಾ ಮೈದಾನ ಸುತ್ತಿದವು. ಒಂದೂ ನಗಲಿಲ್ಲ, ಅಷ್ಟು ಶಿಸ್ತು! ನಾನು ಮಾತ್ರ ನಕ್ಕೂ ನಕ್ಕೂ ಬೆಂಚಿನಿಂದ ಜಾರಿಬಿದ್ದೆ. ಅವತ್ತಿನಿಂದ ಅವಳಿಗೆ ರೈಟಕ್ಕ ಅಂತಲೇ ಹೆಸರು.

ಸೀಟಿಯದ್ದೂ ಅದೇ ಕಥೆ. ಸ್ಕೌಟಿನಲ್ಲಿ ಸೀಟಿ ಊದೋಕೆ ಏನೇನೋ ಕ್ರಮ ಇದೆಯಂತೆ. ಇವಳು ಕಲಿಸಿದ್ದು ಬಸ್ಸಿನ ಕ್ರಮ. ಒಂದು ಉದ್ದ ಸೀಟಿ ಅಂದರೆ ನಿಲ್ಲು, ಎರಡು ಗಿಡ್ಡ ಸೀಟಿ ಅಂದರೆ ಹೊರಡು. ಒಂದು ಉದ್ದ ಊದಿದರೆ ಸಾಕು, ಮರ ಹತ್ತುತ್ತಿದ್ದ ಹುಡುಗ ಕೂಡ ಕೊಂಬೆಯ ಮೇಲೇ ಕಲ್ಲಾಗಿಬಿಡೋನು. ದೊಡ್ಡ ಮೇಡಂ ಬಂದು ನೋಡಿ, "ಇದು ಪುಸ್ತಕದಲ್ಲಿ ಇಲ್ಲವಲ್ಲ" ಅಂದರು. "ಮಕ್ಕಳು ನಿಂತ್ರಲ್ಲ ಮೇಡಂ" ಅಂದಳು ಸೊಸೆ. ಮೇಡಂ ಪುಸ್ತಕ ಮುಚ್ಚಿ ಬ್ಯಾಗಿಗೆ ಹಾಕ್ಕೊಂಡರು.

ಆಮೇಲೆ ಬಂತು ನೋಡಿ ಗಂಟಿನ ಪಾಠ. ಹಗ್ಗದಲ್ಲಿ ಬಗೆಬಗೆಯ ಗಂಟು ಹಾಕೋದು ಸ್ಕೌಟ್ ಮಕ್ಕಳ ವಿದ್ಯೆ. ಮನೆ ಹಿಡಿಯದಷ್ಟು ಮಕ್ಕಳು ಬಂದು ನಮ್ಮ ಮನೆಯಲ್ಲಿ ಅಭ್ಯಾಸ ಮಾಡಿದವು. ಬಚ್ಚಲಿನ ಬಾಗಿಲಿಗೆ ಒಂದು ಗಂಟು, ಫ್ರಿಜ್ಜಿಗೆ ಒಂದು, ಮಗನ ಶೂ ಎರಡಕ್ಕೂ ಸೇರಿಸಿ ಒಂದು. ನಾನು ಕುರ್ಚಿಯಲ್ಲಿ ತೂಕಡಿಸ್ತಿದ್ದೆ, ನನ್ನ ಶಾಲಿಗೂ ಕುರ್ಚಿ ಕಾಲಿಗೂ ಸೇರಿಸಿ ಇನ್ನೊಂದು. ಎದ್ದೆ. ಕುರ್ಚಿಯೂ ನನ್ನ ಜೊತೆ ಎದ್ದಿತು. "ಬಿಚ್ಚ್ರೋ ಇದನ್ನ!" ಅಂತ ಕೂಗಿದರೆ ಮೊಮ್ಮಗ ತಲೆ ಕೆರ್ಕೊಂಡು, "ಬಿಚ್ಚೋದು ಮುಂದಿನ ವಾರದ ಪಾಠ ಅಜ್ಜಿ" ಅಂದ. ಮೈಯೆಲ್ಲಾ ಉರಿದುಹೋಯ್ತು ನಂಗೆ. ಆ ಮುಂದಿನ ವಾರ ಅವಳಿಗೆ ಡ್ಯೂಟಿ ಬದಲಾಯ್ತು, ಬಿಚ್ಚೋ ಪಾಠ ಆಗಲೇ ಇಲ್ಲ.

ನಗು ಒಂದು ಕಡೆ ಇರಲಿ. ಅವಳ ಪಾಡು ನೋಡಿದರೆ ಒಂದೊಂದು ಸಲ ಪಾಪ ಅನ್ನಿಸ್ತಿತ್ತು. ವಾರಪೂರ್ತಿ ಬಸ್ಸಿನಲ್ಲಿ ನಿಂತು ಬರ್ತಾಳೆ. ರಜೆ ದಿನ ಮೈದಾನದಲ್ಲಿ ನಿಲ್ತಾಳೆ. ಆ ರಜೆಗೋಸ್ಕರ ಬೇರೆಯವರ ಬೆಳಗಿನ ಪಾಳಿ ತಾನು ಮಾಡ್ತಾಳೆ. ಅಪ್ಪ ಅಮ್ಮಂದಿರಿಗೆ ಮಾತ್ರ ಅದು ಪುಕ್ಕಟೆ ಮಕ್ಕಳ ಮನೆ. ಬಿಟ್ಟು ಹೋಗೋದಕ್ಕೆ ಗಡಿಯಾರಕ್ಕಿಂತ ಮುಂಚೆ ಬರ್ತಾರೆ, ಕರ್ಕೊಂಡು ಹೋಗೋದಕ್ಕೆ ದಾರೀನೇ ಮರೀತಾರೆ. ಮಿಕ್ಕಿದ ಮಕ್ಕಳು ನಮ್ಮ ಮನೆಯಲ್ಲಿ ಬ್ರೆಡ್ಡು ತಿಂದು, ನನ್ನ ಹಾಸಿಗೆ ಮೇಲೆ ನಿದ್ದೆ ಹೋಗ್ತಿದ್ದವು. ಅವರ ಫೋನಿನ ಗುಂಪನ್ನ ಕೇಳಲೇಬೇಡಿ. ಬೆಳಗ್ಗೆಯಿಂದ ಟಿಣ್ ಟಿಣ್. "ಸಾಕ್ಸ್ ಬಿಳೀದಾ ಕಪ್ಪಾ?" "ಟೋಪಿ ಒಳಗೆ ಕೂದಲು ಇರಬೇಕಾ ಹೊರಗೆ ಇರಬೇಕಾ?" "ನಮ್ಮ ಹುಡುಗನಿಗೆ ಬಿಸಿಲು ಆಗಲ್ಲ, ಸೂರ್ಯ ಇಲ್ಲದ ಕಡೆ ನಿಲ್ಲಿಸ್ತೀರಾ?" ಎಲ್ಲಕ್ಕೂ ಇವಳು ಬಸ್ಸಿನಲ್ಲಿ ಒಂದು ಕೈಯಲ್ಲಿ ಕಂಬಿ ಹಿಡ್ಕೊಂಡು ಉತ್ತರ ಕೊಡೋಳು. ಅದೇ ಇವಳು "ಈ ವಾರ ಯಾರಾದ್ರೂ ನನ್ನ ಜೊತೆ ಬರ್ತೀರಾ?" ಅಂತ ಕೇಳಿದರೆ ಸಾಕು, ಗುಂಪಿಗೆ ಗುಂಪೇ ಮುಸುಕು ಹಾಕ್ಕೊಂಡು ಮಲಗಿಬಿಡ್ತಿತ್ತು.

ಅವಳಿಗೆ ಜೊತೆಗಾರರು ಇರಲಿಲ್ಲ ಅಂತಲ್ಲ. ಕ್ಲಿನಿಕ್ಕಿನ ಕಾಂಪೌಂಡರು ಒಬ್ಬರಿದ್ದರು, ಮೃದು ಸ್ವಭಾವದ ಮನುಷ್ಯ. ಪ್ರಥಮ ಚಿಕಿತ್ಸೆ ಕಲಿಸೋ ದಿನ "ನಾನೇ ಗಾಯಾಳು, ನನಗೇ ಬ್ಯಾಂಡೇಜು ಕಟ್ಟಿ" ಅಂತ ಉತ್ಸಾಹದಿಂದ ಮರದ ಕೆಳಗೆ ಮಲಗಿದರು. ಮಕ್ಕಳು ಕಟ್ಟಿದವು. ಕಾಲು ಕಟ್ಟಿದವು, ಕೈ ಕಟ್ಟಿದವು, ಬಾಯಿ ಕಟ್ಟಿದವು. ಅಷ್ಟರಲ್ಲಿ ರಸ್ತೆಯಲ್ಲಿ ಐಸ್‌ಕ್ರೀಮ್ ಗಾಡಿಯ ಗಂಟೆ ಕೇಳ್ತು. ಮಕ್ಕಳೆಲ್ಲಾ ಮಾಯ. ಸೊಸೆ ಅವರ ಹಿಂದೆ ಓಡಿದಳು. ಕಾಂಪೌಂಡರು ಅಲ್ಲೇ ಮೂಟೆಯ ಹಾಗೆ ಬಿದ್ದಿದ್ದು ಯಾರಿಗೂ ನೆನಪೇ ಇಲ್ಲ! ಕತ್ತಲಾಗೋ ಹೊತ್ತಿಗೆ ಗೇಟು ಹಾಕೋಕೆ ಬಂದ ವಾಚ್‌ಮನ್ ಅವರನ್ನ ನೋಡಿ ಕಿರುಚಿಕೊಂಡು ಓಡಿದನಂತೆ. ಮಾರನೇ ದಿನ ಕಾಂಪೌಂಡರು ನಮ್ಮ ಮನೆಗೆ ಬಂದು ಸೊಸೆಗೆ ತಮ್ಮ ಸ್ಕಾರ್ಫ್ ವಾಪಸ್ ಕೊಟ್ಟು, "ತಾಯೀ, ಸೇವೆ ಸಾಕು, ಜೀವ ಇರಲಿ" ಅಂದು ಮೆಟ್ಟಿಲಿಳಿದು ಹೋದರು.

ಅಲ್ಲಿಗೆ ಬಂತು ಕುತ್ತು. ಊರಾಚೆ ಕೆರೆಯ ಪಕ್ಕದ ಬಯಲಿನಲ್ಲಿ ಮಕ್ಕಳ ಮೊದಲ ಕ್ಯಾಂಪು ನಿಗದಿಯಾಗಿತ್ತು. ದೊಡ್ಡವರು ಇಬ್ಬರಿಲ್ಲದೆ ಮಕ್ಕಳನ್ನ ಎಲ್ಲಿಗೂ ಕರ್ಕೊಂಡು ಹೋಗೋ ಹಾಗಿಲ್ಲ ಅಂತ ನಿಯಮ. ಒಳ್ಳೆ ನಿಯಮಾನೇ, ನನ್ನ ಮೊಮ್ಮಗನೂ ಅದರಲ್ಲಿದ್ದಾನಲ್ಲ. ದೊಡ್ಡ ಮೇಡಂ ಫೋನ್ ಮಾಡಿ ಖಡಾಖಂಡಿತವಾಗಿ ಹೇಳಿದರು. "ನೋಡಮ್ಮಾ, ಕ್ಯಾಂಪಿನ ಬಸ್ ಹೊರಡೋ ತನಕ ನಿಂಗೆ ಟೈಮು. ಅಷ್ಟರಲ್ಲಿ ಇನ್ನೊಬ್ಬರು ಸಿಗದಿದ್ರೆ ಕ್ಯಾಂಪ್ ಇಲ್ಲ. ದಳಾನೂ ಮುಚ್ಚಿ, ಮಕ್ಕಳನ್ನ ಊರಿನ ಆ ತುದಿಯ ದಳಕ್ಕೆ ಸೇರಿಸ್ತೀನಿ." ಆ ತುದಿಗೆ ಎರಡು ಬಸ್ ಬದಲಾಯಿಸಿ ಹೋಗಬೇಕು. ಯಾವ ಮಗು ಹೋಗುತ್ತೆ? ಮುಚ್ಚಿದರೆ ಮುಗೀತು, ಅಷ್ಟೇ.

ಸೊಸೆ ಕೇಳೋಕೆ ಹೊರಟಳು. ಕೇಳಿದಳು, ಕೇಳಿದಳು, ಕಂಡಕಂಡವರನ್ನೆಲ್ಲಾ ಕೇಳಿದಳು. ಕೈ ಜೋಡಿಸ್ತೀವಿ ಅಂದಿದ್ದವರು ಕೈ ಮುಗಿದರು. ಕೈ ಕೊಡ್ತೀವಿ ಅಂದಿದ್ದವರು ನಿಜವಾಗ್ಲೂ ಕೈ ಕೊಟ್ಟರು. ಯಾರಾದ್ರೂ ಕೈ ಎತ್ತಿ ಅಂತ ಕೇಳಿದ್ದಕ್ಕೆ ಎಲ್ಲರೂ ಒಟ್ಟಿಗೆ ಕೈ ಎತ್ತಿಬಿಟ್ಟರು.  ಇವಳು ನಿಂತು ಉಣ್ಣೋ ತಟ್ಟೆಯಲ್ಲಿ ಅನ್ನ ಮಿಗೋಕೆ ಶುರುವಾಯ್ತು.

ಈಗ ನನ್ನ ಸಂಕಟ ಕೇಳಿ. ಇದೇ ಮನೆಯಲ್ಲಿ, ಅವಳ ಕಣ್ಣೆದುರಿಗೇ, ಗುಂಡುಕಲ್ಲಿನ ಹಾಗೆ ನಾನಿದ್ದೀನಿ! ಕೇಳಬೇಕೋ ಬೇಡವೋ? ನಾನಾಗಿ ನಾನು ಬರ್ತೀನಿ ಅನ್ನೋಕೆ ನಂಗೇನು ಗತಿಗೆಟ್ಟಿದೆಯಾ? ಕೇಳಿದರೆ ಬರ್ತಿದ್ದೆ. ಅವಳ ಪಕ್ಕದಲ್ಲಿ ಕೂತು ಕೆಮ್ಮಿದೆ. ಗಂಟಲು ಸರಿಮಾಡ್ಕೊಂಡೆ. ಕೊನೆಗೆ ಬಾಯಿಬಿಟ್ಟು, "ಅಲ್ವೇ, ವಯಸ್ಸಾದವರನ್ನೂ ತಗೋತಾರಾ ಅದಕ್ಕೆ?" ಅಂದೆ.

"ಧಾರಾಳವಾಗಿ ತಗೋತಾರೆ ಅತ್ತೆ," ಅಂದಳು, ಮುಖ ಅರಳಿತು. "ಒಳ್ಳೇ ನೆನಪು ಮಾಡಿದ್ರಿ. ಬೇಕರಿ ತಾತನ್ನ ಕೇಳ್ಬಹುದು!"

ಬೇಕರಿ ತಾತ! ನನಗಿಂತ ಹಿರೀಕ! ತನ್ನ ಬೇಕರಿಯಿಂದ ತನ್ನ ಮನೆಗೆ ಹೋಗೋ ದಾರಿ ಕೇಳೋ ಮನುಷ್ಯ! ಅವತ್ತು ರಾತ್ರಿ ಊಟ ನಾನು ಬಡಿಸಲಿಲ್ಲ. ಕುಕ್ಕರಿನ ಮುಚ್ಚಳ ಕುಕ್ಕಿ ಎದ್ದು ಹೋದೆ. ನನ್ನ ಮಗ, ಅವನು ಪ್ರೆಸ್ಸಿನಲ್ಲಿ ಬೈಂಡಿಂಗ್ ಕೆಲಸ ಮಾಡೋನು, ಮಾತು ಕಡಿಮೆ, "ಅಮ್ಮಂಗೇನಾಯ್ತು?" ಅಂದ. "ಬೆನ್ನುನೋವಿರಬೇಕು" ಅಂದಳು ಈ ಜಾಣೆ.

ಹೊರಡೋ ದಿನ ಬಂದೇ ಬಂತು. ಟೋಪಿ ಹಾಕ್ಕೊಳ್ಳೋ ಗಡಿಬಿಡಿಯಲ್ಲಿ ಮೊಮ್ಮಗ ಟಾರ್ಚು ಮರೆತು ಹೋಗಿದ್ದ. ಕೊಟ್ಟು ಬರೋಣ ಅಂತ ಹೋದೆ, ಅಷ್ಟೇ. ಶಾಲೆಯ ಮೈದಾನದಲ್ಲಿ ಡಿಪೋದ ಹಳೇ ಬಸ್ಸೊಂದು ಗುರ್ ಅಂತ ನಿಂತಿತ್ತು. ಸ್ಟೀರಿಂಗಿನಲ್ಲಿ ಸೊಸೆಯ ಖಾಯಂ ಡ್ರೈವರು. ಇವನ ವಿಷಯ ಒಂದು ಮಾತು ಹೇಳಬೇಕು. ಪ್ರಯಾಣಿಕರ ಕೂಗಾಟ ಆಗಲ್ಲ ಅಂತ ಕಿವಿಗೆ ಹತ್ತಿ ತುರುಕ್ಕೊಂಡು ಗಾಡಿ ಓಡಿಸ್ತಾನೆ. ಸೀಟಿ ಒಂದು ಬಿಟ್ಟು ಬೇರೆ ಯಾವ ಶಬ್ದಕ್ಕೂ ಜಗ್ಗಲ್ಲ. ಅವನು ಕೂರೋ ಜಾಗಕ್ಕೆ ಕಬ್ಬಿಣದ ಜಾಲರಿ ಬಾಗಿಲು ಬೇರೆ. ಆ ಬಾಗಿಲು ಬಡ್ಕೊಳ್ತಿದೆ ಅಂತ ನಮ್ಮ ಮಕ್ಕಳು ಅದಕ್ಕೂ ಹಗ್ಗ ಹಾಕಿ, ತಮಗೆ ಬರೋ ಗಂಟನ್ನೆಲ್ಲಾ ಹಾಕಿದ್ದವು.

ಬಸ್ಸಿನ ಒಳಗೆ ಸಂತೆ. ಮಕ್ಕಳಿಗಿಂತ ಅಪ್ಪ ಅಮ್ಮಂದಿರೇ ಜಾಸ್ತಿ. ಒಬ್ಬಳು ತಲೆ ಬಾಚ್ತಿದ್ದಾಳೆ, ಒಬ್ಬ ಹಾಸಿಗೆ ಸುರುಳಿ ಹಿಡ್ಕೊಂಡು ಮೂವರ ತಲೆಗೆ ಬಡೀತಿದ್ದಾನೆ, ಇನ್ನೊಬ್ಬ ಮಗನಿಗೆ ಸೊಳ್ಳೆ ಕಚ್ಚಿದರೆ ಏನು ಮಾಡ್ಬೇಕು ಅಂತ ಪಾಠ ಹೇಳ್ತಿದ್ದಾನೆ. ನಾನು ನೂಕಿಕೊಂಡು ಹೋಗಿ, ಟಾರ್ಚು ಕೊಟ್ಟು, ಉಸಿರು ತಗೊಳ್ಳೋಣ ಅಂತ ಕೊನೇ ಸೀಟಿನಲ್ಲಿ ಕೂತೆ. ಬೊಚ್ಚಿ ಕಿಟಕಿ ಪಕ್ಕ ಕೂತು ಅಳ್ತಿತ್ತು. ಸುಮ್ಮನಿರಿಸೋಕೆ ಸೊಸೆ ತನ್ನ ಸೀಟೀನ ಅದರ ಕೊರಳಿಗೆ ಹಾಕಿದ್ದಳು.

ಸೊಸೆ ಕೆಳಗೆ ದೊಡ್ಡ ಮೇಡಂ ಎದುರು ನಿಂತಿದ್ದಳು. ಕಿಟಕಿಯಿಂದ ಎಲ್ಲಾ ಕೇಳ್ತಿತ್ತು.

"ಬೇಕರಿಯವರು ಬರ್ತೀನಿ ಅಂದಿದ್ರು ಮೇಡಂ. ಈಗ ಬೇರೆ ಯಾವುದೋ ಶಾಲೆ ಮುಂದೆ ನಿಂತಿದ್ದಾರಂತೆ."

"ನಂಗೂ ಬೇಜಾರೇ ಅಮ್ಮ. ಆದ್ರೆ ಬಸ್ ಹೊರಡೋ ತನಕ ಅಂತ ಹೇಳಿದ್ದೆ ಅಲ್ವಾ? ಇನ್ನು ಮಕ್ಕಳನ್ನ ಇಳಿಸಿಬಿಡು."

ಬೊಚ್ಚಿಯ ಅಳು ನಿಂತುಹೋಯ್ತು. ಅದರ ಮುಖ ನೋಡಿದೆ. ಏನೋ ಲೆಕ್ಕ ಹಾಕ್ತಿತ್ತು ಆ ಪುಟಾಣಿ ತಲೆ. ಬಸ್ ಹೊರಡೋ ತನಕ ತಾನೇ? ಹಾಗಾದ್ರೆ ಬಸ್ ಹೊರಟುಬಿಟ್ಟರೆ? ನಾನು "ಏಯ್!" ಅನ್ನೋದರೊಳಗೆ ಸೀಟಿ ಬಾಯಿಗೆ ಹೋಗಿತ್ತು. ಪೀಪ್, ಪೀಪ್. ಎರಡು ಗಿಡ್ಡ.

ಡ್ರೈವರು ಹಿಂದೆ ತಿರುಗಿ ಸಹ ನೋಡಲಿಲ್ಲ. ಗೇರು ಬಿತ್ತು, ಬಸ್ಸು ಹೊರಟೇಹೋಯ್ತು.

ಅಯ್ಯೋ, ಆ ಗದ್ದಲ! ನಿಂತವರೆಲ್ಲಾ ಕೂತವರ ಮಡಿಲಲ್ಲಿ. ಹಾಸಿಗೆ ಸುರುಳಿಯವನು ಯಾರದೋ ಹೆಂಡತಿಯ ಕಾಲ ಮೇಲೆ ಬಿದ್ದು ಕ್ಷಮೆ ಕೇಳ್ತಿದ್ದಾನೆ. "ನಿಲ್ಸಿ! ನಿಲ್ಸಿ!" "ನಂಗೆ ಆಫೀಸಿದೆ!" "ನನ್ನ ಸ್ಕೂಟರ್ ಅಲ್ಲೇ ಇದೆ, ಕೀ ಅದರಲ್ಲೇ ಬಿಟ್ಟಿದ್ದೀನಿ!" ಹಿಂದಿನ ಗಾಜಿನಲ್ಲಿ ನೋಡಿದರೆ ಸೊಸೆ ಧೂಳಿನಲ್ಲಿ ಓಡ್ತಿದ್ದಾಳೆ, ಅವಳ ಹಿಂದೆ ದೊಡ್ಡ ಮೇಡಂ. ಅಪ್ಪಂದಿರು ಮುಂದಕ್ಕೆ ನುಗ್ಗಿ ಜಾಲರಿ ಬಾಗಿಲು ಎಳೆದರು. ಅಲ್ಲಿ ಗಂಟುಗಳ ಸರಪಳಿ. "ಯಾರ್ರೋ ಇದನ್ನ ಹಾಕಿದ್ದು? ಬಿಚ್ಚ್ರೋ!" ಮಕ್ಕಳೆಲ್ಲಾ ಒಕ್ಕೊರಲಿನಿಂದ, "ಬಿಚ್ಚೋದು ಇನ್ನೂ ಕಲಿಸಿಲ್ಲ!" ಅಂದವು.

"ಸೀಟಿ ಊದೇ!" ಅಂತ ನಾನು ಬೊಚ್ಚಿಗೆ ಹೇಳಿದೆ. ಅದು ಗಾಬರಿಯಿಂದ ತಲೆ ಅಲ್ಲಾಡಿಸಿ, ಕಿಟಕಿಯ ಹೊರಗೆ ಕೈ ತೋರಿಸಿತು. ಬಿಸಾಡಿಬಿಟ್ಟಿದೆ! ಯಾರೂ ಬಸ್ ನಿಲ್ಲಿಸಬಾರದು ಅಂತ ಸೀಟೀನೇ ಬಿಸಾಡಿಬಿಟ್ಟಿದೆ!

ಬಸ್ಸು ಮಾರ್ಕೆಟ್ ರಸ್ತೆ ದಾಟಿತು, ದೊಡ್ಡ ವೃತ್ತ ಸುತ್ತಿತು. ಒಬ್ಬ ಅಪ್ಪ ಪೊಲೀಸರಿಗೆ ಫೋನ್ ಮಾಡಿ, "ನಮ್ಮನ್ನ ಕಿಡ್ನ್ಯಾಪ್ ಮಾಡಿದ್ದಾರೆ" ಅಂತಿದ್ದ. "ಯಾರು?" ಅಂತ ಕೇಳಿದರೆ ಏನು ಹೇಳ್ತಾನೆ, ಪಾಪ. ಮಕ್ಕಳಿಗಂತೂ ಹಬ್ಬದೂಟ. ನನಗೆ ಒಂದು ಕ್ಷಣ ಏನೂ ತೋಚಲಿಲ್ಲ. ಆಮೇಲೆ ತೋಚಿತು. ನಾನು ಚಿಕ್ಕವಳಿದ್ದಾಗ ನಮ್ಮಣ್ಣ ಮಾಳಿಗೆ ಮೇಲೆ ಪಾರಿವಾಳ ಸಾಕಿದ್ದ. ಸಂಜೆ ಅವನ್ನ ಗೂಡಿಗೆ ಕರೆಯೋಳು ನಾನು. ಬೀದಿ ಜನ ಕಿವಿ ಮುಚ್ಕೊಳ್ತಿದ್ದರು. ಹಲ್ಲು ಇನ್ನೂ ನನ್ನ ಸ್ವಂತದ್ದೇ ಇವೆ. ಎದ್ದು ನಿಂತೆ, ಕಂಬಿಗೆ ಬೆನ್ನು ಕೊಟ್ಟೆ, ಎರಡು ಬೆರಳು ಬಾಯಿಗಿಟ್ಟು ಸಿಳ್ಳೆ ಹೊಡೆದೆ ನೋಡಿ! ಒಂದು ಉದ್ದ. ನನಗೇ ಕಿವಿ ಗುಯ್ ಅಂದುಬಿಡ್ತು.

ಬಸ್ಸು ಕಿರ್ರ್ ಅಂತ ನಿಂತಿತು. ಮಕ್ಕಳು ಇದ್ದಲ್ಲೇ ಕಲ್ಲಾದವು, ಒಂದರ ಬಾಯಲ್ಲಿ ಬಿಸ್ಕತ್ತು ಹಾಗೇ ಅರ್ಧ ನಿಂತಿತ್ತು. ಸುಮ್ಮನಾದ ಬಸ್ಸಿನಲ್ಲಿ ಡ್ರೈವರ್ ಮೆಲ್ಲಗೆ ಹಿಂದೆ ತಿರುಗಿ, "ಯಾರು ಇಳೀಬೇಕು?" ಅಂತ ಕೇಳಿದ.

ಅಷ್ಟರಲ್ಲಿ ಹಿಂದಿನಿಂದ ಸ್ಕೂಟರ್ ಬಂತು. ಕೀ ಬಿಟ್ಟಿದ್ದ ಆ ಅಪ್ಪನದೇ ಸ್ಕೂಟರು. ಓಡಿಸ್ತಿದ್ದವರು ದೊಡ್ಡ ಮೇಡಂ, ಸ್ಕಾರ್ಫು ಗಾಳಿಗೆ ಹಾರಾಡ್ತಿತ್ತು, ಹಿಂದೆ ಸೊಸೆ ಕಣ್ಣು ಮುಚ್ಕೊಂಡು ಕೂತಿದ್ದಳು. ಕೂತಿದ್ದಳು! ಮೇಡಂ ಮುಖ ಕೆಂಪಗಾಗಿತ್ತು. ಕೋಪಕ್ಕೋ ಮಜಕ್ಕೋ ಗೊತ್ತಾಗಲಿಲ್ಲ. ಬಸ್ ಹತ್ತಿ ಒಂದು ಸಲ ಎಲ್ಲರನ್ನೂ ನೋಡಿ, "ಇಷ್ಟು ಜನ ದೊಡ್ಡವರಿದ್ದೀರಲ್ಲ. ಮಕ್ಕಳ ಜೊತೆ ಇಷ್ಟು ದೂರ ಬಂದೇಬಿಟ್ಟಿದ್ದೀರಿ. ಒಬ್ಬರು, ಒಬ್ಬರೇ ಒಬ್ಬರು ಕ್ಯಾಂಪಿಗೆ ನಿಂತರೆ ಸಾಕು," ಅಂದರು.

ಎಲ್ಲರಿಗೂ ತಮ್ಮ ತಮ್ಮ ಚಪ್ಪಲಿ ಮೇಲೆ ಭಾರೀ ಆಸಕ್ತಿ ಬಂತು. ಒಬ್ಬರಿಗೆ ಬೆಳಗ್ಗೆ ಬೇಗ ಏಳೋಕೆ ಆಗಲ್ಲ, ಒಬ್ಬರಿಗೆ ಅತ್ತೆ ಮಾವ ಬರ್ತಾರೆ, ಒಬ್ಬರಿಗೆ ನೆಲದ ಮೇಲೆ ಮಲಗಿದರೆ ಶೀತ. ಮಕ್ಕಳನ್ನ ವಾಪಸ್ ಕರ್ಕೊಂಡು ಬರೋದನ್ನೂ ರೈಟಕ್ಕನ ಪಾಲಿಗೇ ಬಿಟ್ಟು ಎಲ್ಲರೂ ಇಳಿದರು. ಹಾಸಿಗೆ ಸುರುಳಿಯವನು ಕೂಡ ಸುರುಳಿ ಅಪ್ಪಿಕೊಂಡೇ ಕೆಳಗಿಳಿದ. ಸೊಸೆ ಬಾಗಿಲಲ್ಲಿ ನಿಂತಿದ್ದಳು. ಒಬ್ಬೊಬ್ಬರು ಇಳಿಯುವಾಗಲೂ, "ನೋಡ್ಕೊಂಡು ಇಳೀರಿ, ಗಾಡಿ ಬರ್ತಿರುತ್ತೆ" ಅಂತ ಹೇಳಿದಳು. ಒಬ್ಬರಿಗೂ ಬೈಲಿಲ್ಲ. ಅದನ್ನ ನೋಡಿ ನಂಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು.

ಬಸ್ಸಿನಲ್ಲಿ ದೊಡ್ಡವರು ಅಂತ ಉಳಿದಿದ್ದು ದೊಡ್ಡ ಮೇಡಂ, ಅವಳು, ಕೊನೇ ಸೀಟಿನ ಹತ್ತಿರ ನಾನು. ಅವಳು ನನ್ನ ಹತ್ತಿರ ಬಂದಳು. ಕಣ್ಣು ತುಂಬಿತ್ತು.

"ಅತ್ತೆ, ನೀವೂ ಇಳೀರಿ. ಮೇಡಂ ಆಟೋದಲ್ಲಿ ಮನೆಗೆ ಬಿಡ್ತಾರೆ."

ಅಷ್ಟೇ. ನನ್ನ ತಲೆ ಕೆಟ್ಟುಹೋಯ್ತು. "ಇಳಿಯಲ್ಲ! ಏನ್ಮಾಡ್ತೀಯಾ? ಹತ್ತಿದೋರನ್ನೆಲ್ಲಾ 'ಎಲ್ಲಿಗೆ?' ಅಂತ ಕೇಳೋದು ನಿನ್ನ ಕೆಲಸ ಅಲ್ವೇನೇ? ಇಡೀ ಊರನ್ನ ಕೇಳಿದೆ. ಆ ಬೇಕರಿ ಮುದುಕನ್ನ ಕೇಳಿದೆ. ನನ್ನೊಬ್ಬಳನ್ನ ಕೇಳಲಿಲ್ಲ! ನಾನೇನು ಲಗೇಜಾ?"

ಮಕ್ಕಳು ಉಸಿರು ಬಿಗಿಹಿಡ್ಕೊಂಡು ನೋಡ್ತಿದ್ದವು. ಅವಳು ಕಂಬಿ ಹಿಡ್ಕೊಂಡಳು.

"ಕೇಳೋಕೆ ಬಾಯಿ ಬರಲಿಲ್ಲ ಅತ್ತೆ," ಅಂದಳು. "ನಾನು ಡ್ಯೂಟಿಗೆ ಹೋದ್ರೆ ಮನೆ ನೋಡೋರು ನೀವು. ಮೈದಾನಕ್ಕೆ ಹೋದ್ರೆ ಅಡುಗೆ ಮಾಡೋರು ನೀವು. ಕರ್ಕೊಂಡು ಹೋಗದೆ ಬಿಟ್ಟ ಮಕ್ಕಳಿಗೆಲ್ಲಾ ತಿನ್ನಿಸಿ ಮಲಗಿಸೋರು ನೀವು. ಈ ದಳದ ಇನ್ನೊಬ್ಬ ಲೀಡರು ಮೊದಲಿಂದಾನೂ ನೀವೇ ಅತ್ತೆ. ಅಷ್ಟು ಮಾಡ್ತಿರೋರನ್ನ, ಇದಕ್ಕೂ ಬನ್ನಿ ಅಂತ ಯಾವ ಮುಖ ಇಟ್ಕೊಂಡು ಕೇಳ್ಲಿ?"

   ಅವಳು ಅಷ್ಟನ್ನೂ ನೋಡ್ತಿದ್ದಳು ಅಂತ ನನಗೆ ಗೊತ್ತಿರಲಿಲ್ಲ. ಶಾಲಿನ ತುದಿಯಿಂದ ಮೂಗು ಒರೆಸ್ಕೊಂಡೆ.

"ಈಗ ಕೇಳು," ಅಂದೆ.

ಅವಳು ಕಣ್ಣು ಒರೆಸಿಕೊಂಡಳು. ಒಂದು ಕಾಲನ್ನ ಸೀಟಿಗೆ ಒತ್ತಿ, ಡ್ಯೂಟಿಯಲ್ಲಿ ನಿಲ್ಲೋ ಹಾಗೆ ನೆಟ್ಟಗೆ ನಿಂತಳು. 

"ಎಲ್ಲಿಗಮ್ಮಾ?"

"ಕ್ಯಾಂಪಿಗೆ," ಅಂದೆ. "ಒಂದು. ಮುಂದಿನ ಸೀಟು ಬೇಕು, ಹಿಂದೆ ಕೂತ್ರೆ ನಂಗೆ ಸೊಂಟ ನೋಯುತ್ತೆ."